ಚಿಲಕದ ಶಾಕ್ ಬೇರೆ, ಫ್ರಿಜ್ ಶಾಕ್ ಬೇರೆ

ಪ್ರಶ್ನೆ: ಚಳಿಗಾಲ ಶುರುವಾದಾಗಿಂದ ನಮ್ಮನೇಲಿ ಬರೀ ಶಾಕ್ ಸಾರ್. ಪ್ಲಾಸ್ಟಿಕ್ ಚೇರಿಂದ ಎದ್ದು ಚಿಲಕ ಮುಟ್ಟಿದ್ರೆ ಚಟ್ ಅನ್ನತ್ತೆ, ಮಗಳನ್ನ ಮುಟ್ಟಿದ್ರೆ ಅವಳಿಗೂ ಹೊಡೆಯತ್ತೆ, ರಾತ್ರಿ ಲೈಟ್ ಆರಿಸಿ ರಗ್ಗು ಎಳ್ಕೊಂಡ್ರೆ ಕಿಡಿನೂ ಕಾಣತ್ತೆ. ಬರಿಗಾಲಲ್ಲೇ ಓಡಾಡೋ ನಮ್ಮತ್ತೆಗೆ ಮಾತ್ರ ಇದೇನೂ ಇಲ್ಲ, ಆದ್ರೆ ಫ್ರಿಜ್ ಮುಟ್ಟಿದ್ರೆ ಅವರಿಗೇ ಜಾಸ್ತಿ ಜುಮ್ ಅನ್ನತ್ತಂತೆ. ವೈರಿಂಗ್ ಕೆಟ್ಟಿದ್ಯಾ?
– ಗೃಹಿಣಿ, ಬೆಂಗಳೂರು

ಉತ್ತರ: ಅತ್ತೆಯವರ ವಿಷ್ಯ ಬರೆದಿದ್ದು ಬಹಳ ಒಳ್ಳೇದಾಯ್ತಮ್ಮ, ಅರ್ಧ ಉತ್ತರ ಅದರಲ್ಲೇ ಇದೆ. ಚಿಲಕದ್ದು ಸ್ಟ್ಯಾಟಿಕ್. ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಚೇರು ಉಜ್ಜಿ ಉಜ್ಜಿ ಮೈಮೇಲೆ ಚಾರ್ಜ್ ಕೂಡತ್ತೆ, ಒಣ ಹವೆಲಿ ಅದು ಇಳಿಯಲ್ಲ, ಕಾಲಿಗೆ ರಬ್ಬರ್ ಚಪ್ಪಲಿ ಬೇರೆ, ಲೋಹ ಸಿಕ್ಕ ಕೂಡ್ಲೆ ಒಂದೇ ಸಲ ಹಾರತ್ತೆ. ನಮಗೆ ಚುರ್ ಅನ್ನಬೇಕಾದ್ರೇ ಸುಮಾರು 3000 ವೋಲ್ಟ್ ಬೇಕು, ಗಾಬರಿ ಬೇಡ, ಚಾರ್ಜ್ ತೀರಾ ಕಮ್ಮಿ, ಕಣ್ಣು ಮಿಟುಕಿಸೋದ್ರೊಳಗೆ ಮುಗಿದೋಗತ್ತೆ. ಬರಿಗಾಲಲ್ಲಿ ಇರೋರಿಗೆ ಅದು ನೆಲಕ್ಕೆ ಇಳಿದುಬಿಡತ್ತೆ.

ಫ್ರಿಜ್ ಕಥೆ ಉಲ್ಟಾ. ಮುಟ್ಟಿರೋವಷ್ಟು ಹೊತ್ತೂ ಜುಮ್ ಅಂತಿದ್ರೆ, ಅದೂ ಬರಿಗಾಲಿನೋರಿಗೇ ಜಾಸ್ತಿ ಅಂದ್ರೆ ಅದು ಕರೆಂಟ್ ಲೀಕು, ಮೈ ಮೂಲಕ ನೆಲಕ್ಕೆ ಹೋಗ್ತಿದೆ. ಇವತ್ತೇ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ, ಹಾಲು ಮೊಸರು ಪಕ್ಕದ ಮನೆಲಿಡಿ. ಎಲೆಕ್ಟ್ರಿಷಿಯನ್ ಬಂದಾಗ ತ್ರೀಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ಅರ್ಥ್ ವೈರ್ ನಿಜವಾಗ್ಲೂ ಬಂದಿದ್ಯಾ ನೋಡ್ಸಿ, ಎಷ್ಟೋ ಹಳೇ ಬಾಡಿಗೆ ಮನೆಗಳಲ್ಲಿ ತೂತು ಇರತ್ತೆ ವೈರೇ ಇರಲ್ಲ! ಟೂಪಿನ್ ಅಡಾಪ್ಟರ್ ಹಾಕಿದ್ರೆ ಎಸೀರಿ. ಸ್ವಂತ ಮನೆಯಾದ್ರೆ ಅರ್ಥ್ ಗುಂಡಿ (ಅರ್ಥ್ ವೈರ್ ನೆಲಕ್ಕೆ ಇಳಿಸಿರೋ ಜಾಗ) ಒಣಗಿರಬಹುದು, ಒಂದೆರಡು ಬಿಂದಿಗೆ ನೀರು ಹಾಕಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕಾದ ಕೂಡ್ಲೆ ತಾನೇ ಆಫ್ ಆಗೋ ಸ್ವಿಚ್ಚು) ಇಲ್ಲ ಅಂದ್ರೆ ಹಾಕಿಸ್ಕೊಳ್ಳಿ, ದುಡ್ಡು ಹೋದ್ರೂ ಪರ್ವಾಗಿಲ್ಲ, ಗೀಸರ್, ವಾಷಿಂಗ್ ಮಷಿನ್ನಿಗೂ ಅದೇ ಕಾವಲು.

ಇನ್ನು ಸ್ಟ್ಯಾಟಿಕ್ಕಿಗೆ, ರಗ್ಗಿಗೆ ಕಾಟನ್ ಕವರ್ ಹಾಕಿ, ಚೇರಿನ ಮೇಲೆ ಹಳೇ ಕಾಟನ್ ಟವೆಲ್ ಹಾಸಿ, ಸ್ನಾನ ಆದ್ಮೇಲೆ ಕೈಕಾಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರ್ಕೊಳ್ಳಿ, ಚರ್ಮ ಒಣಗಿದ್ರೆ ಕಾಟ ಜಾಸ್ತಿ. ರೂಮಲ್ಲಿ ಒದ್ದೆ ಬಟ್ಟೆ ಹರವಿದ್ರೂ ಹವೆಗೆ ತೇವ ಬರತ್ತೆ, ಇದಕ್ಕೇ ಅಂತ ಮಷಿನ್ ತಗೊಳ್ಳೋದು ನನ್ನ ಕೇಳಿದ್ರೆ ವೇಸ್ಟು. ಎದ್ದ ಮೇಲೆ ಬೀಗದ ಕೈ ಗಟ್ಟಿಯಾಗಿ ಹಿಡಿದು ಅದರ ತುದಿನ ಮೊದ್ಲು ಚಿಲಕಕ್ಕೆ ತಾಗ್ಸಿ, ಕಿಡಿ ಅಲ್ಲಿ ಹಾರತ್ತೆ, ಬೆರಳಿಗೆ ಗೊತ್ತೇ ಆಗಲ್ಲ, ಆಮೇಲೆ ಮಗಳನ್ನ ಎತ್ಕೊಳ್ಳಿ.