ನಮ್ಮ ಡಿ ಅಂಡ್ ಡಿ ಆಟವನ್ನು ವೆಬ್‌ಕಾಮಿಕ್ ಮಾಡುವಾಗ ಆಡುವ ಗೆಳೆಯರನ್ನು ತೋರಿಸಬೇಕಾ, ಪಾತ್ರಗಳನ್ನು ಮಾತ್ರ ತೋರಿಸಿದರೆ ಸಾಕಾ?

ನಾಲ್ಕು ಜನ ಗೆಳೆಯರು, ಒಬ್ಬ ಡಿಎಂ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಡೆಸುವ ಡಂಜನ್ ಮಾಸ್ಟರ್), ಆ ಡಿಎಂಗೆ ಚಿತ್ರ ಬಿಡಿಸಲು ಬರುತ್ತದೆ, ಈಗ ಆಡುತ್ತಿರುವ ಕ್ಯಾಂಪೇನನ್ನೇ, ಅಂದರೆ ಹಲವು ಸೆಷನ್ ನಡೆಯುವ ಒಂದೇ ಕತೆಯನ್ನೇ, ವಾರವಾರ ಕನ್ನಡದಲ್ಲಿ ಕಾಮಿಕ್ ಮಾಡಿ ಹಾಕುವ ಆಸೆ. ನಿಮ್ಮ ಪ್ರಶ್ನೆ ಓದುತ್ತಾ ಓದುತ್ತಾ ನನಗೆ ಸಣ್ಣಗೆ ಬೆವರು ಬಂತು. ನಾನೂ ಇದನ್ನೇ ಮಾಡಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಆಡುವವರನ್ನು ತೋರಿಸಿ, ಬಿಡಿ, ಅದರಿಂದ ಏನೂ ಹಾಳಾಗುವುದಿಲ್ಲ. ಆದರೆ ಇನ್ನೂ ಮುಗಿಯದ ಆಟವನ್ನು ಬಿಡಿಸಬೇಡಿ. ನೀವು ಅದನ್ನು ಕೇಳಿಯೇ ಇಲ್ಲ, ಗೊತ್ತು. ಕೇಳಬೇಕಾಗಿದ್ದು ಅದನ್ನೇ.

ನಮ್ಮದು ವಿಜಯನಗರದ ಒಂದು ಮನೆಯ ಟೆರೇಸ್ ರೂಮು. ಡಿಎಂ ನಾನೇ. ಪಾಲಡಿನ್ (ಧರ್ಮಕ್ಕಾಗಿ ಹೋರಾಡುವ ಯೋಧ) ಆಡುವವನು ನನ್ನ ಪಿಯುಸಿ ಗೆಳೆಯ. ಕ್ಲೆರಿಕ್ (ಗಾಯ ವಾಸಿ ಮಾಡುವ ಪುರೋಹಿತೆ) ಆಡುವವಳು ಡಿಸೈನ್ ಕೆಲಸದಲ್ಲಿರುವವಳು. ಒಬ್ಬ ವಿಜರ್ಡ್ (ಮಂತ್ರವಾದಿ), ಅವನು ರೂಲ್ ಪುಸ್ತಕವನ್ನು ಲಾಯರ್ ಥರ ಓದುತ್ತಾನೆ. ಇನ್ನೊಬ್ಬ ಬಾರ್ಡ್ (ಹಾಡಿ ಮಂತ್ರ ಹಾಕುವವನು), ಅವನಿಗೆ ಹಾಡಲು ಬರುವುದಿಲ್ಲ, ಆದರೂ ಪ್ರತಿ ಸ್ಪೆಲ್‌ಗೆ ಹಾಡುತ್ತಾನೆ. ಈ ಆಟ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ ಎರಡು ಮಾತು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ತಂದ ಆಟ. ಡಿಎಂ ಜಗತ್ತನ್ನು ವರ್ಣಿಸುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ, ಆಗುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಇಷ್ಟೇ.

ಕಾಮಿಕ್ ಶುರುವಾಗಿದ್ದು ಸುಮ್ನೆ ತಮಾಷೆಗೆ. ಆಟದಲ್ಲಿ ಸೇತುವೆ ಕೆಳಗಿನ ಟ್ರೋಲ್ ಅನ್ನುವ ರಾಕ್ಷಸಪ್ರಾಣಿ ಒಂದು ಸುಂಕ ಕೇಳಿತು. ನಮ್ಮ ಬಾರ್ಡ್, ‘ಫಾಸ್ಟ್ಯಾಗ್ ಇದೆ ಸಾರ್, ಸ್ಕ್ಯಾನ್ ಆಗ್ತಿಲ್ವಾ?’ ಅಂದ. ದಾಳ ಹಾಕು ಅಂದೆ, ಬಿತ್ತು 20. ಟ್ರೋಲ್ ನಂಬಿತು, ತನ್ನ ಮಷೀನೇ ಸರಿಯಿಲ್ಲ ಅಂತ ಕ್ಷಮೆ ಕೇಳಿತು. ಅದನ್ನು ನಾಲ್ಕು ಚೌಕದಲ್ಲಿ ಬಿಡಿಸಿ ಇನ್‌ಸ್ಟಾಗ್ರಾಮ್‌ಗೆ ಹಾಕಿದೆ. ಡಿ ಅಂಡ್ ಡಿ ಹೆಸರೇ ಕೇಳದವರೂ ಶೇರ್ ಮಾಡಿದರು. ಅಲ್ಲಿಂದ ತಲೆ ತಿರುಗಿತು. ಬಿಡಿ ಜೋಕು ಬಿಟ್ಟು ದೊಡ್ಡ ಕತೆಗೆ ಕೈ ಹಾಕಿದೆ, ವಾರಕ್ಕೆ ಎರಡು ಪುಟ ಅಂತ ಎಲ್ಲರಿಗೂ ಮಾತು ಕೊಟ್ಟೆ.

ಎಲ್ಲರ ಅಚ್ಚುಮೆಚ್ಚು ಕೆಂಚಪ್ಪ ಅನ್ನುವ ಪಾಲಡಿನ್. ಗುರಾಣಿ ಹಿಡಿದುಕೊಂಡು ಯಾವಾಗಲೂ ಮುಂದೆ ಹೋಗುವವನು, ಸುಳ್ಳು ಹೇಳಲು ಬಾರದವನು, ಪ್ರತಿ ಊರಿನಲ್ಲೂ ಊಟ ಚೆನ್ನಾಗಿತ್ತು ಅಂತ ಅಡುಗೆಯವರಿಗೆ ಹೇಳಿಯೇ ಹೊರಡುವವನು. ಇದರಲ್ಲಿ ಒಂದು ಮಾತೂ ನನ್ನದಲ್ಲ. ಎಲ್ಲಾ ನನ್ನ ಪಿಯುಸಿ ಗೆಳೆಯ ಮೇಜಿನ ಮೇಲೆ ಕಟ್ಟಿದ್ದು. ನಾನು ಬರೀ ಮೀಸೆ ಬಿಡಿಸಿದ್ದೆ.

ಈಗ ಲೆಕ್ಕ ನೋಡಿ. ನಾಲ್ಕು ತಾಸು ಆಡಿದರೆ ಅದರಲ್ಲಿ ಅರ್ಧ ನಗು, ಉಳಿದದ್ದರಲ್ಲಿ ಅರ್ಧ ಪಿಜ್ಜಾ ಮತ್ತು ರೂಲ್ ಜಗಳ. ಕಾಮಿಕ್‌ಗೆ ಬರುವಂಥದ್ದು ಐದಾರು ಪುಟ. ಒಬ್ಬನಿಗೆ ನೈಟ್ ಶಿಫ್ಟ್, ಒಬ್ಬನ ಅಕ್ಕನ ಮದುವೆ, ಒಬ್ಬಳು ಊರಿಗೆ ಹೋದಳು ಅಂತ ಸೆಷನ್ ನಡೆಯುತ್ತಿದ್ದದ್ದು ಹೆಚ್ಚೆಂದರೆ ತಿಂಗಳಿಗೊಂದು. ವಾರಕ್ಕೆ ಎರಡು ಪುಟ ಹೋಗುತ್ತಿದ್ದರೆ ಕಾಮಿಕ್ ಆಟವನ್ನು ಹಿಡಿದೇ ಹಿಡಿಯುತ್ತದೆ, ಅಲ್ವಾ? ಹಿಡಿಯಿತು. ಕೈಯಲ್ಲಿ ಇಟ್ಟುಕೊಂಡಿದ್ದ ಪುಟಗಳು ಮುಗಿದವು. ಮುಂದಿನ ಸೆಷನ್ ಒಂದು ವಾರ ಮುಂದಕ್ಕೆ ಹೋಯಿತು, ಮತ್ತೊಂದು ವಾರ ಹೋಯಿತು. ಕೆಳಗೆ ಕಾಮೆಂಟಿನಲ್ಲಿ ‘ಕೆಂಚಪ್ಪ ಏನಾದ?’ ಅಂತ ಕೇಳುವವರು ಜಾಸ್ತಿಯಾದರು.

ಆಗ ನಾನು ಮುಂದಿನ ಸೆಷನ್ನನ್ನು ಆಡುವ ಮೊದಲೇ ಬಿಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ಇದು ತಪ್ಪು ಅಂತಲೇ ನನಗೆ ಅನ್ನಿಸಿರಲಿಲ್ಲ. ಡಿಎಂ ಅಂದ ಮೇಲೆ ಮುಂದೇನು ಬರುತ್ತದೆ ಅಂತ ನನಗೆ ಗೊತ್ತು: ಕೋಟೆ ಬಾಗಿಲು, ಹಿಂದೆ ಬೆನ್ನಟ್ಟಿ ಬರುವ ಓರ್ಕ್ ಅನ್ನುವ ರಾಕ್ಷಸರ ಸೈನ್ಯ. ಕೆಂಚಪ್ಪ ಬಾಗಿಲಿನ ಹೊರಗೆ ನಿಂತು ಉಳಿದವರನ್ನು ಒಳಗೆ ಕಳಿಸಿ ಅಲ್ಲೇ ಸಾಯುತ್ತಾನೆ ಅಂತ ಆರು ಪುಟ ಬಿಡಿಸಿದೆ. ಅವನ ಸ್ವಭಾವಕ್ಕೆ ಅದೇ ಸರಿ ಅಂತ ನನಗೆ ನಾನೇ ಹೇಳಿಕೊಂಡೆ. ಬಣ್ಣವನ್ನೂ ತುಂಬಿದೆ. ನಾನು ಬಿಡಿಸಿದ್ದರಲ್ಲೆಲ್ಲ ಒಳ್ಳೆಯ ಪುಟಗಳು ಅವೇ, ಸುಳ್ಳು ಯಾಕೆ.

ಕೊನೆಗೂ ಒಂದು ಭಾನುವಾರ ಎಲ್ಲರೂ ಸಿಕ್ಕರು. ಬಾಗಿಲು ಬಂತು, ಸೈನ್ಯ ಬಂತು. ನನ್ನ ಗೆಳೆಯ ಒಂದು ನಿಮಿಷ ಯೋಚಿಸಿ, ‘ಅಲ್ಲೊಂದು ಎತ್ತಿನ ಗಾಡಿ ಇದೆ ಅಂದಿದ್ಯಲ್ಲ, ಅದನ್ನ ಬಾಗಿಲ ಕೆಳಗೆ ತಳ್ತೀನಿ, ಮೇಲಿಂದ ಬಾಗಿಲು ಬಿದ್ರೂ ಪೂರ್ತಿ ಮುಚ್ಚಲ್ಲ, ಎಲ್ರೂ ತೆವಳ್ಕೊಂಡು ಒಳಗೆ ಹೋಗೋಣ’ ಅಂದ. ಎಂಥಾ ಒಳ್ಳೆ ಐಡಿಯಾ! ಬೇರೆ ಯಾವ ದಿನವಾದರೂ ನಾನು ಎದ್ದು ಚಪ್ಪಾಳೆ ಹೊಡೆಯುತ್ತಿದ್ದೆ. ಅವತ್ತು, ‘ಬಾಗಿಲು ಬಿದ್ದು ಗಾಡಿ ಪುಡಿಪುಡಿಯಾಯಿತು’ ಅಂದೆ. ದಾಳ ಹಾಕಲೂ ಬಿಡಲಿಲ್ಲ.

ಅವನು ಹೊರಗೆ ಉಳಿದ. ಹೊಡೆತ ತಿಂದು ಹಿಟ್ ಪಾಯಿಂಟ್ (ಉಳಿದಿರುವ ಜೀವದ ಲೆಕ್ಕ) ಸೊನ್ನೆಗೆ ಬಂತು. ಒಳಗಿದ್ದ ಕ್ಲೆರಿಕ್ ತಕ್ಷಣ ಹೀಲಿಂಗ್ ವರ್ಡ್ ಹಾಕುತ್ತೇನೆ ಅಂದಳು. ಆ ಸ್ಪೆಲ್‌ಗೆ ಮುಟ್ಟಬೇಕಾಗಿಲ್ಲ, 60 ಅಡಿಯೊಳಗೆ ಕಣ್ಣಿಗೆ ಕಂಡರೆ ಸಾಕು. ಬಾಗಿಲು ಕಂಬಿ ಬಾಗಿಲು ಅಂತ ಆಟದ ಶುರುವಿನಲ್ಲಿ ನಾನೇ ವರ್ಣಿಸಿದ್ದೆ. ಆದರೆ ನನ್ನ ಪುಟದಲ್ಲಿ ಅದು ಗಟ್ಟಿ ಕಬ್ಬಿಣದ ಹಲಗೆ, ಅದಕ್ಕೆ ಒರಗಿ ಕೆಂಚಪ್ಪ ಕುಸಿಯುವ ಚಿತ್ರವೇ ಇಡೀ ಕತೆಯ ಜೀವ. ‘ಇಲ್ಲ, ಇದು ಹಲಗೆ ಬಾಗಿಲು, ಆಚೆ ಏನೂ ಕಾಣಲ್ಲ’ ಅಂದೆ. ಅವಳು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಇನ್ನು ಉಳಿದದ್ದು ಡೆತ್ ಸೇವ್. ಸೊನ್ನೆಗೆ ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತರ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಗೆಲುವು, ಕೆಳಗೆ ಬಿದ್ದರೆ ಸೋಲು. ಮೂರು ಗೆಲುವು ಮೊದಲು ಬಂದರೆ ಜೀವ ಉಳಿಯುತ್ತದೆ, ಮೂರು ಸೋಲು ಮೊದಲು ಬಂದರೆ ಮುಗಿಯಿತು. ಇದನ್ನು ಆಡುವವನೇ ಹಾಕುವುದು ರೂಢಿ. ನಾನು, ‘ಇವತ್ತು ಥ್ರಿಲ್ ಇರಲಿ, ಸ್ಕ್ರೀನ್ ಹಿಂದೆ ನಾನೇ ಹಾಕ್ತೀನಿ’ ಅಂದೆ (ಡಿಎಂ ತನ್ನ ಮುಂದೆ ಇಟ್ಟುಕೊಳ್ಳುವ ಮರೆ ಅದು). ಮೊದಲನೆಯದು ನಿಜವಾಗಿ ಸೋಲು. ಎರಡನೆಯದು 17 ಬಿತ್ತು, ಆರು ಅಂದೆ. ಮೂರನೆಯದನ್ನು ನೋಡಲೇ ಇಲ್ಲ.

ಟೆರೇಸ್ ರೂಮಿನಲ್ಲಿ ಎಲ್ಲರೂ ಸುಮ್ಮನಾದರು. ಬಾರ್ಡ್ ಹಾಡಲಿಲ್ಲ. ನನ್ನ ಗೆಳೆಯ ಕ್ಯಾರೆಕ್ಟರ್ ಶೀಟನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು, ‘ಚೆನ್ನಾಗಿ ಸತ್ತ ಬಿಡು’ ಅಂದ. ನನಗೆ ಆಗಲೂ ನಾಚಿಕೆ ಆಗಲಿಲ್ಲ. ಮಂಗಳವಾರ ಆರೂ ಪುಟ ಒಟ್ಟಿಗೆ ಹಾಕಿದೆ.

ಅದೇ ರಾತ್ರಿ ಕ್ಲೆರಿಕ್ ಗ್ರೂಪಿನಲ್ಲಿ ಬರೆದಳು. ‘ನಿನಗೆ ಒಂದು ಪುಟಕ್ಕೆ ಎರಡು ಸಂಜೆ ಬೇಕು. ಭಾನುವಾರ ಸತ್ತವನು ಮಂಗಳವಾರ ಆರು ಪುಟ ಬಣ್ಣದಲ್ಲಿ ಹೇಗೆ ಬಂದ?’ ನಾನು ಏನೋ ಸಬೂಬು ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ವಿಜರ್ಡ್ ಕೇಳಿದ: ‘ಗಾಡಿ ಎಲ್ಲಿ?’

ಪುಟದಲ್ಲಿ ಗಾಡಿಯೇ ಇರಲಿಲ್ಲ. ಹೇಗಿರುತ್ತದೆ? ನಾನು ಬಿಡಿಸುವಾಗ ಆ ಐಡಿಯಾ ನನ್ನ ಗೆಳೆಯನಿಗೆ ಇನ್ನೂ ಹೊಳೆದಿರಲಿಲ್ಲ. ಅವತ್ತು ಮೇಜಿನ ಮೇಲೆ ನಡೆದದ್ದರಲ್ಲಿ ಅವನದು ಅಂತ ಇದ್ದದ್ದು ಅದೊಂದೇ, ಅದನ್ನು ಆಟದಲ್ಲೂ ಪುಡಿ ಮಾಡಿದ್ದೆ, ಕಾಮಿಕ್‌ನಲ್ಲೂ ಇಲ್ಲ. ಒಪ್ಪಿಕೊಂಡೆ. ಅವನು ಜಗಳ ಆಡಲಿಲ್ಲ. ಫೋನ್ ಮಾಡಿ ಒಂದೇ ಕೇಳಿದ: ‘ಹಾಗಾದ್ರೆ ನಾನು ಅಲ್ಲಿ ಯಾಕೆ ಕೂತಿದ್ದೆ ಮಗಾ?’ ಆಮೇಲೆ ಅವನು ಆಟಕ್ಕೆ ಬರಲಿಲ್ಲ. ಅವನಿಲ್ಲದೆ ಉಳಿದವರಿಗೂ ಮನಸ್ಸಾಗಲಿಲ್ಲ. ಕಾಮಿಕ್ ಆ ಬಾಗಿಲ ಹತ್ತಿರವೇ ನಿಂತಿದೆ. ಗ್ರೂಪಿನಲ್ಲಿ ನನ್ನ ಹೆಸರು ಈಗಲೂ ಶಕುನಿ.

ಡಿಎಂ ದಾಳ ಮುಚ್ಚಿಟ್ಟು ಸುಳ್ಳು ಹೇಳಬಹುದಾ ಅನ್ನುವುದು ಆಟದಷ್ಟೇ ಹಳೆಯ ಜಗಳ. ಹೊಸದಾಗಿ ಬಂದವನ ಪಾತ್ರ ಮೊದಲ ಗಾಬ್ಲಿನ್‌ಗೇ ಸಾಯದಿರಲಿ ಅಂತ ಒಂದು ಸಂಖ್ಯೆ ಬದಲಾಯಿಸಿದರೆ ನಾನು ಏನೂ ಅನ್ನುವುದಿಲ್ಲ. ಅದು ಮೇಜಿನ ಮುಂದೆ ಕೂತವನಿಗಾಗಿ ಹೇಳಿದ ಸುಳ್ಳು. ನಾನು ಹೇಳಿದ್ದು ಆ ರೂಮಿನಲ್ಲೇ ಇಲ್ಲದವರಿಗಾಗಿ. ಓದುಗರು ಹುಟ್ಟಿಕೊಂಡ ದಿನದಿಂದ ನಾನು ಗೆಳೆಯರಿಗೆ ಆಟ ನಡೆಸುವುದನ್ನು ಬಿಟ್ಟಿದ್ದೆ, ಅವರ ಕೈಯಲ್ಲಿ ಶೂಟಿಂಗ್ ಮಾಡಿಸುತ್ತಿದ್ದೆ. ನಮ್ಮೂರು ಶಿರಸಿ ಕಡೆ, ತಾಳಮದ್ದಳೆ ಕೇಳಿ ಬೆಳೆದವನು ನಾನು. ಅಲ್ಲಿ ಕರ್ಣ ಸಾಯುತ್ತಾನೆ ಅಂತ ಅರ್ಥಧಾರಿಗೂ ಗೊತ್ತು, ಚಾಪೆ ಮೇಲೆ ಕೂತ ಅಜ್ಜನಿಗೂ ಗೊತ್ತು. ಅರ್ಥಧಾರಿಗೆ ಮಾತಿನಲ್ಲಿ ಸ್ವಾತಂತ್ರ್ಯ, ಪ್ರಸಂಗದ ಕೊನೆ ಬದಲಾಗುವುದಿಲ್ಲ, ಅದನ್ನು ಒಪ್ಪಿಯೇ ಎಲ್ಲರೂ ಕೂತಿರುತ್ತಾರೆ. ನಾನು ನನ್ನ ಗೆಳೆಯರಿಗೆ ಹೇಳದೆಯೇ ಅವರನ್ನು ತಾಳಮದ್ದಳೆಗೆ ಕೂರಿಸಿದ್ದೆ.

ಈಗ ನಿಮ್ಮ ಪ್ರಶ್ನೆ. ‘ನೈಟ್ಸ್ ಆಫ್ ದ ಡಿನ್ನರ್ ಟೇಬಲ್’ 1990ರಲ್ಲಿ ಶುರುವಾದ ಕಾಮಿಕ್, ಅಲ್ಲಿ ಕಾಣುವುದು ಮೇಜಿನ ಸುತ್ತ ಕೂತು ಕಿತ್ತಾಡುವವರೇ. ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ ‘ಆರ್ಡರ್ ಆಫ್ ದ ಸ್ಟಿಕ್’ನಲ್ಲಿ ಆಡುವವರೇ ಇಲ್ಲ. ಕಡ್ಡಿ ಗೊಂಬೆಯಂಥ ಪಾತ್ರಗಳು, ಅವಕ್ಕೇ ಆಟದ ರೂಲ್‌ಗಳೆಲ್ಲ ಗೊತ್ತು. 2012ರಲ್ಲಿ ಅದರ ಹಳೆಯ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಲು ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್‌ನಲ್ಲಿ 12 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. 2007ರಲ್ಲಿ ಶುರುವಾದ ‘ಡಾರ್ತ್ಸ್ ಅಂಡ್ ಡ್ರಾಯ್ಡ್ಸ್’ನಲ್ಲಿ ಚಿತ್ರ ಸ್ಟಾರ್ ವಾರ್ಸ್ ಸಿನಿಮಾದ್ದು, ಮಾತು ಮಾತ್ರ ಆಟ ಆಡುತ್ತಿರುವವರದ್ದು. ಮೂರೂ ವರ್ಷಾನುಗಟ್ಟಲೆ ನಡೆದಿವೆ. ಹಾಗಾಗಿ ನಿಮಗೆ ಯಾರ ಮುಖ ಬಿಡಿಸಲು ಖುಷಿಯೋ ಅವರನ್ನು ಬಿಡಿಸಿ.

ನಿಜವಾಗಿ ಆಡಿದ ಆಟದಿಂದ ಬಂದ ಕತೆಗಳನ್ನು ನೋಡಿ. ಜಪಾನಿನಲ್ಲಿ ‘ರೆಕಾರ್ಡ್ ಆಫ್ ಲೋಡಾಸ್ ವಾರ್’ 1986ರಲ್ಲಿ ‘ಕಾಂಪ್ಟಿಕ್’ ಪತ್ರಿಕೆಯಲ್ಲಿ ಬಂದಾಗ ಅದು ಡಿ ಅಂಡ್ ಡಿ ಸೆಷನ್‌ನ ವರದಿ. ಮೊದಲು ಆಡಿದರು, ಆಡಿದ್ದನ್ನು ಬರೆದರು, ಆಮೇಲೆ ಅಚ್ಚು. ಕಾದಂಬರಿ, ಅನಿಮೆ ಎಲ್ಲಾ ನಂತರದ್ದು. ತಮ್ಮ ಆಟವನ್ನು ಇಂಟರ್ನೆಟ್‌ನಲ್ಲಿ ತೋರಿಸುವ ‘ಕ್ರಿಟಿಕಲ್ ರೋಲ್’ ತಂಡದವರ ಮೊದಲ ಕ್ಯಾಂಪೇನ್ ಮುಗಿದದ್ದು 2017ರಲ್ಲಿ. ಅದರ ಅನಿಮೇಷನ್‌ಗೆ ದುಡ್ಡು ಕೇಳಿದ್ದು 2019ರಲ್ಲಿ, 1 ಕೋಟಿ 10 ಲಕ್ಷ ಡಾಲರ್ ಮೀರಿ ಬಂತು, ‘ದ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ’ ತೆರೆಗೆ ಬಂದದ್ದು 2022ರಲ್ಲಿ. ಯಾವ ಪಾತ್ರ ಉಳಿಯಿತು, ಯಾವುದು ಹೋಯಿತು ಅಂತ ದಾಳ ಹೇಳಿ ಆಗಿತ್ತು. ಬಿಡಿಸುವವರಿಗೆ ಮೋಸ ಮಾಡುವ ಅವಕಾಶವೇ ಇರಲಿಲ್ಲ.

ಆದ್ದರಿಂದ ಈಗ ನಡೆಯುತ್ತಿರುವ ಕತೆ ಒಂದು ಘಟ್ಟಕ್ಕೆ ಬರುವ ತನಕ ಆಡಿ. ಸೆಷನ್‌ಗಳನ್ನು ರೆಕಾರ್ಡ್ ಮಾಡಿಕೊಳ್ಳಿ, ಯಾರು ಏನಂದರು ಅನ್ನುವುದು ಮಾರನೇ ದಿನಕ್ಕೆ ಮರೆತು ಹೋಗುತ್ತದೆ. ಕಾಯಲು ಆಗುವುದೇ ಇಲ್ಲ ಅಂದರೆ ಟ್ರೋಲ್‌ನಂಥ ಬಿಡಿ ಜೋಕು ಹಾಕುತ್ತಿರಿ, ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಇನ್ನೊಂದು, ಪ್ರತಿಯೊಬ್ಬರ ಹತ್ತಿರವೂ ಅವರ ಪಾತ್ರವನ್ನು ಬಿಡಿಸಬಹುದಾ ಅಂತ ಬಾಯಿಬಿಟ್ಟು ಕೇಳಿ. ‘ಏ ಅವನು ಏನೂ ಅನ್ಕೊಳ್ಳಲ್ಲ’ ಅಂತ ನಾನೂ ಅಂದುಕೊಂಡಿದ್ದೆ. ಡಿಎಂ ಆಗಿರುವುದು, ಕಾಮಿಕ್ ಬಿಡಿಸುವುದು, ಎರಡನ್ನೂ ಒಬ್ಬರೇ ಮಾಡಲೇಬೇಕಾ ಅಂತಲೂ ಯೋಚಿಸಿ. ನಿಮ್ಮಲ್ಲಿ ಬೇರೆ ಯಾರಾದರೂ ಡಿಎಂ ಆದರೆ ಅರ್ಧ ತಲೆನೋವು ಕಮ್ಮಿ.

ರಾಕ್ಷಸರ ವಿಷಯಕ್ಕೆ ಬಂದರೆ, 2023ರ ಜನವರಿಯಲ್ಲಿ ಲೈಸೆನ್ಸ್ ಗಲಾಟೆ ಆದ ಮೇಲೆ ಡಿ ಅಂಡ್ ಡಿಯ ಎಸ್‌ಆರ್‌ಡಿ 5.1 ಅನ್ನು, ಅಂದರೆ ಆಟದ ಮೂಲ ರೂಲ್ ಮತ್ತು ರಾಕ್ಷಸರು ಇರುವ ದಾಖಲೆಯನ್ನು, ಆಟದ ಕಂಪನಿಯವರು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟಿದ್ದಾರೆ. ಅದರಲ್ಲಿರುವುದನ್ನು ಮೂಲದ ಹೆಸರು ಹಾಕಿ ಬಳಸಿಕೊಳ್ಳಬಹುದು. ಬಿಹೋಲ್ಡರ್, ಮೈಂಡ್ ಫ್ಲೇಯರ್ ಅನ್ನುವ ರಾಕ್ಷಸರು ಕಂಪನಿಯ ಸ್ವಂತ ಆಸ್ತಿ, ಅವುಗಳ ತಂಟೆಗೆ ಹೋಗಬೇಡಿ. ನಮಗೆ ಬ್ರಹ್ಮರಾಕ್ಷಸ ಇದ್ದಾನೆ, ಬಾಗಿಲಿಗೆ ‘ನಾಳೆ ಬಾ’ ಅಂತ ಬರೆದರೆ ಓದಿ ವಾಪಸ್ ಹೋಗುವ ದೆವ್ವ ಇದೆ, ಅವಕ್ಕೆ ಯಾರ ಲೈಸೆನ್ಸೂ ಬೇಡ.

ಕನ್ನಡದಲ್ಲೇ ಮಾಡುತ್ತೀರಿ ಅಂದಿದ್ದೀರಿ, ಹಾಗಾದರೆ ಮೊದಲು ಮಾತು ಬರೆದು ಚೌಕದಲ್ಲಿ ಇಟ್ಟು ನೋಡಿ, ಆಮೇಲೆ ಚಿತ್ರ ಬಿಡಿಸಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸಾಲಿನ ನಡುವೆ ಜಾಗ ಜಾಸ್ತಿ ಬಿಡಬೇಕು, ಹಾಗಾಗಿ ಮಾತಿನ ಬಲೂನು ದೊಡ್ಡದಾಗುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಸೆಟ್ಟಿಂಗ್ಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ.