ಸಾಮೂಹಿಕ ಹತ್ಯೆ ನಡೆಯುವ ಸುಳಿವು ಮೊದಲೇ ಸಿಕ್ಕರೂ ವಿಶ್ವಸಂಸ್ಥೆ ಯಾಕೆ ತಡೆಯುವುದಿಲ್ಲ?

ಯಾಕೆಂದರೆ ವಿಶ್ವಸಂಸ್ಥೆಗೆ ಸ್ವಂತ ಸೈನ್ಯವೇ ಇಲ್ಲ. ಸೈನಿಕರನ್ನು ಸದಸ್ಯ ದೇಶಗಳೇ ಕೊಡಬೇಕು. ಅದಕ್ಕೂ ಮೊದಲು ಭದ್ರತಾ ಮಂಡಳಿ ಒಪ್ಪಬೇಕು, ಅಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಲ್ಲಿ ಒಂದು ದೇಶ ವೀಟೊ ಹಾಕಿದರೂ, ಅಂದರೆ ಬೇಡ ಅಂದರೂ, ನಿರ್ಣಯ ಬಿದ್ದುಹೋಗುತ್ತದೆ.

ಆಫ್ರಿಕಾದ ರುವಾಂಡಾ ದೇಶದಲ್ಲಿ ವೀಟೊ ಕೂಡ ಬೇಕಾಗಲಿಲ್ಲ. ಯಾರಿಗೂ ಮನಸ್ಸಿರಲಿಲ್ಲ, ಅಷ್ಟೆ. ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದ ಜನರನ್ನು ಕೊಲ್ಲಲು ತಯಾರಿ ನಡೆದಿದೆ, ಬಚ್ಚಿಟ್ಟ ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ ಅಂತ ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥ ರೋಮಿಯೊ ಡಲೇರ್ 1994ರ ಜನವರಿಯಲ್ಲೇ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕೇಂದ್ರ ಕಚೇರಿಗೆ ತಿಳಿಸಿದ್ದರು. ಬೇಡ ಅನ್ನುವ ಉತ್ತರ ಬಂತು. ಏಪ್ರಿಲ್‌ನಲ್ಲಿ ಹತ್ಯೆ ಶುರುವಾದ ಮೇಲಂತೂ, ಸುಮಾರು 2,500 ಜನರಿದ್ದ ಪಡೆಯನ್ನು ಜಾಸ್ತಿ ಮಾಡುವ ಬದಲು 270ಕ್ಕೆ ಇಳಿಸಲು ಮಂಡಳಿ ತೀರ್ಮಾನಿಸಿತು! ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಆಮೇಲೆ 2005ರಲ್ಲಿ ಎಲ್ಲ ದೇಶಗಳೂ ‘ರಕ್ಷಿಸುವ ಹೊಣೆ’ ಎಂಬ ತತ್ವವನ್ನು ಒಪ್ಪಿದವು: ಒಂದು ಸರ್ಕಾರ ತನ್ನ ಜನರನ್ನು ಕಾಪಾಡದಿದ್ದರೆ ಉಳಿದವರು ಮುಂದೆ ಬರಬೇಕು. ಒಳ್ಳೆಯದೇ, ಅಲ್ವಾ? ಆದರೆ ಬಲ ಬಳಸಲು ಮತ್ತೆ ಅದೇ ಮಂಡಳಿಯ ಒಪ್ಪಿಗೆ ಬೇಕು. ಸಿರಿಯಾ ವಿಷಯದಲ್ಲಿ 2011ರಿಂದ ರಷ್ಯಾ ಮತ್ತೆ ಮತ್ತೆ ವೀಟೊ ಹಾಕಿತು, ಹಲವು ಸಲ ಚೀನಾ ಕೂಡ.