ಸಂಪಾದಕರ ಉತ್ತರ: ಆ ಅಜ್ಜಿಯ ಕೆಲಸ ಕಿತ್ತುಕೊಳ್ಳಬೇಡಿ

ಸಿಂಗಪುರದಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಚೀನೀ ಪಂಚಾಂಗದ ಏಳನೇ ತಿಂಗಳಿಡೀ ಅವರ ಫ್ಲ್ಯಾಟಿನ ಕೆಳಗೆ ಜನ ಸತ್ತವರ ಹೆಸರಿನಲ್ಲಿ ಕಾಗದದ ನೋಟು ಸುಡುತ್ತಾರಂತೆ. ಒಣಹಾಕಿದ ಬಟ್ಟೆ ಮೇಲೆ ಬೂದಿ, ಮನೆಯೊಳಗೆಲ್ಲ ಹೊಗೆ. ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಮಂಡಿನೋವಿದ್ದರೂ ಕೆಳಗಿಳಿದು ಬರುತ್ತಾರೆ. ಮೊಮ್ಮಗ ಮೊಬೈಲ್ ನೋಡುತ್ತಾ ಪಕ್ಕದಲ್ಲಿ ನಿಂತಿರುತ್ತಾನೆ. "ವಯಸ್ಸಾದವರಿಗೆ ಬೇಕಿರೋದು ಔಷಧಿ, ಪಿಂಚಣಿ, ನೋಡಿಕೊಳ್ಳೋಕೆ ಒಬ್ಬರು. ಇಷ್ಟು ಮುಂದುವರಿದ ಊರಲ್ಲಿ ಈ ಹಳೇ ಆಚರಣೆ ಯಾರಿಗೆ ಬೇಕು? ಸುಡೋದು ನಿಲ್ಲಿಸಿ ಅಂತ ನಮ್ಮ ಕಟ್ಟಡದಲ್ಲಿ ಅರ್ಜಿ ಓಡಾಡ್ತಿದೆ, ನಾನೂ ಸಹಿ ಹಾಕೋಣ ಅಂತಿದ್ದೇನೆ" ಎಂದಿದ್ದಾರೆ.

ಹೊಗೆಯ ಮಾತು ಒಪ್ಪಿದೆ. ಉಬ್ಬಸ ಇರುವ ಮಗು ಮನೆಯಲ್ಲಿದ್ದರೆ ಅದು ಸಣ್ಣ ತೊಂದರೆಯಲ್ಲ. ಹಿರಿಯರ ಗೌರವದ ಹೆಸರಿನಲ್ಲಿ ಚೀನೀ ಮನೆಗಳಲ್ಲಿ ಸೊಸೆಯಂದಿರು ಎಷ್ಟು ಸವೆದರು ಅನ್ನುವುದೂ ಗೊತ್ತು. ತಾಯಿಗೆ ಊಟ ಸಾಲದು ಅಂತ ಸ್ವಂತ ಮಗುವನ್ನೇ ಹೂಳಲು ಹೊರಟ ಗುವೊ ಜು ಎಂಬ ಮಗನ ಕಥೆಯನ್ನು ಅಲ್ಲಿ ಮಕ್ಕಳಿಗೆ ಆದರ್ಶ ಅಂತ ಹೇಳಿಕೊಡುತ್ತಿದ್ದರು. ಅದನ್ನು ಓದಿ ಚಿಕ್ಕಂದಿನಲ್ಲಿ ತನಗೆ ಎಷ್ಟು ಭಯವಾಗಿತ್ತು ಅಂತ ಚೀನೀ ಲೇಖಕ ಲು ಶುನ್ 1926ರಲ್ಲಿ ಬರೆದರು. ಅವರು ಹೇಳಿದ್ದು ಸರಿಯೇ.

ಆದರೆ ನಿಮ್ಮ ಪಟ್ಟಿ ನೋಡಿ. ಔಷಧಿ, ಪಿಂಚಣಿ, ನೋಡಿಕೊಳ್ಳುವವರು. ಎಲ್ಲವೂ ಅಜ್ಜಿಗೆ ನಾವು ಕೊಡುವಂಥದ್ದು. ಅಜ್ಜಿ ಮನೆಗೆ ಕೊಡುವಂಥದ್ದು ಒಂದಾದರೂ ಇದೆಯಾ? ಬರೀ ಹೊಟ್ಟೆಗೆ ಹಾಕುವುದಾದರೆ ನಾಯಿ, ಕುದುರೆಗೂ ಹಾಕುತ್ತೇವಲ್ಲ, ಗೌರವ ಇಲ್ಲದಿದ್ದರೆ ಏನು ವ್ಯತ್ಯಾಸ ಅಂತ ಕನ್ಫ್ಯೂಷಿಯಸ್ ಎರಡೂವರೆ ಸಾವಿರ ವರ್ಷದ ಹಿಂದೆಯೇ ಕೇಳಿದ್ದ.

ಒಂದು ವರ್ಷ ಏಪ್ರಿಲ್ ಮೊದಲ ವಾರ, ಚೀನೀಯರು ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಹಬ್ಬದ ಹೊತ್ತಿನಲ್ಲಿ, ನಾನು ನಿಮ್ಮ ಊರಲ್ಲೇ ಇದ್ದೆ. ಪರಿಚಯದ ಚೀನೀ ಕುಟುಂಬವೊಂದು ಚ್ವಾ ಚು ಕಾಂಗ್ ಸ್ಮಶಾನಕ್ಕೆ ಕರೆದುಕೊಂಡು ಹೋಗಿತ್ತು. ಬೆಳಕು ಹರಿಯುವ ಮೊದಲೇ ರಸ್ತೆ ತುಂಬ ಕಾರು. ಮನೆಯ ಅಜ್ಜಿಯನ್ನು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂರಿಸಿದ್ದರು. ಎಲ್ಲ ನಡೆದದ್ದು ಅವರ ಮಾತಿನ ಮೇಲೆ. ಮೊದಲು ಸಮಾಧಿಯ ಪಕ್ಕದ ಭೂಮಿ ದೇವರಿಗೆ ಊದುಬತ್ತಿ, ಆಮೇಲೆ ಹಿರಿಯರಿಗೆ. ಕಳೆ ಕೀಳುವವರು ಒಬ್ಬರು, ಮಾಸಿದ ಅಕ್ಷರಗಳ ಮೇಲೆ ಸಣ್ಣ ಬ್ರಶ್ಶಿನಲ್ಲಿ ಬಣ್ಣ ತುಂಬುವವನು ಇನ್ನೊಬ್ಬ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಮಗ ಕೋಳಿಯನ್ನು ತಪ್ಪು ದಿಕ್ಕಿಗೆ ಇಟ್ಟ. ಅಜ್ಜಿ ಗದರಿದರು. ಅವನು ತಿರುಗಿಸಿಟ್ಟ. ಚಹಾ ಬಗ್ಗಿಸಿ ಸ್ವಲ್ಪ ಹೊತ್ತು ಕಾದು ಎರಡು ನಾಣ್ಯ ಎಸೆದರು. ಒಂದು ರಾಜ, ಒಂದು ರಾಣಿ ಬಿದ್ದರೆ ಹಿರಿಯರ ಊಟ ಮುಗಿಯಿತು ಅಂತ ಅರ್ಥ. ಮುಗಿದಿರಲಿಲ್ಲ. ಇನ್ನೂ ಕಾದರು. ಕೊನೆಗೆ ನಮ್ಮ ಕರಾವಳಿಯ ಮರುವಾಯಿಯಂಥದ್ದನ್ನು ಬಿಡಿಸಿ ತಿಂದು ಚಿಪ್ಪುಗಳನ್ನು ಸಮಾಧಿಯ ಮೇಲೆ ಚೆಲ್ಲಿದರು. ಚಿಪ್ಪೆಂದರೆ ದುಡ್ಡು, ಸಂಪತ್ತು. ಆ ಇಡೀ ಬೆಳಗ್ಗೆ ಅಜ್ಜಿಯನ್ನು "ಮಾತ್ರೆ ತಗೊಂಡ್ರಾ?" ಅಂತ ಯಾರೂ ಕೇಳಲಿಲ್ಲ. "ಮುಂದೇನು ಮಾಡಬೇಕು?" ಅಂತ ಕೇಳುತ್ತಿದ್ದರು.

ನಾನು ಹೇಳುವುದು ಇಷ್ಟೇ. ಈ ಆಚರಣೆಗಳಲ್ಲಿ ವಯಸ್ಸಾದವರಿಗೆ ಒಂದು ಯಜಮಾನಿಕೆ ಇದೆ. ಮದುವೆಯಲ್ಲಿ ಹುಡುಗ ಹುಡುಗಿ ಮಂಡಿಯೂರಿ ಹಿರಿತನದ ಪ್ರಕಾರ ಒಬ್ಬೊಬ್ಬರಿಗೂ ಚಹಾ ಕೊಡುತ್ತಾರೆ. ಯಾರ ನಂತರ ಯಾರು, ಸೋದರಮಾವ ಮೊದಲೋ ದೊಡ್ಡಪ್ಪ ಮೊದಲೋ, ಇದು ಮನೆಯ ಹಿರೀಕರಿಗೆ ಮಾತ್ರ ಗೊತ್ತು. ಇದನ್ನು ಪಿಂಚಣಿಯಿಂದ ತುಂಬಿಕೊಡಲು ಆಗುವುದಿಲ್ಲ.

ಇದನ್ನು ಕಿತ್ತ ಮೇಲೆ ಏನಾಗುತ್ತದೆ? ಚೀನಾದಲ್ಲಿ ಈಗ ಅರವತ್ತು ದಾಟಿದವರು 31 ಕೋಟಿಗೂ ಹೆಚ್ಚು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ 'ಹಳೆಯದೆಲ್ಲ ಹೋಗಲಿ' ಅಂತ ವಂಶದ ಮಂಟಪಗಳನ್ನು, ಸಮಾಧಿಗಳನ್ನು ಒಡೆದರು. ಆಮೇಲೆ ಒಂದೇ ಮಗುವಿನ ಕಾನೂನು, ಕೆಲಸಕ್ಕಾಗಿ ದೂರದ ಊರು. ಕೊನೆಗೆ ಮಕ್ಕಳು ಆಗಾಗ ಬಂದು ಹಿರಿಯರನ್ನು ನೋಡಬೇಕು ಅಂತ ಕಾನೂನನ್ನೇ ಮಾಡಬೇಕಾಯಿತು. ಅದು ಜಾರಿಗೆ ಬಂದ 2013ರ ಜುಲೈ 1ರಂದೇ ವುಶಿ ನಗರದ ಕೋರ್ಟು, 77 ವರ್ಷದ ತಾಯಿಯನ್ನು ಮಗಳು ಎರಡು ತಿಂಗಳಿಗೊಮ್ಮೆಯಾದರೂ ಹೋಗಿ ನೋಡಬೇಕು ಅಂತ ತೀರ್ಪು ಕೊಟ್ಟಿತು. ಹಬ್ಬ ತಾನಾಗಿ ಮಾಡಿಸುತ್ತಿದ್ದ ಕೆಲಸಕ್ಕೆ ನ್ಯಾಯಾಧೀಶರು ಬರಬೇಕಾಯಿತು, ಅಲ್ವಾ?

2018ರಲ್ಲಿ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಅಲ್ಲಿನ ಹಳ್ಳಿಗಳಲ್ಲಿ ವಯಸ್ಸಾದವರು ತಮ್ಮ ಶವಪೆಟ್ಟಿಗೆಯನ್ನು ತಾವೇ ಮೊದಲೇ ಮಾಡಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಮರ, ವರ್ಷಗಟ್ಟಲೆ ಕೂಡಿಟ್ಟ ದುಡ್ಡು. ಅದು ಮನೆಯಲ್ಲಿದ್ದರೆ ಆಯಸ್ಸು ಜಾಸ್ತಿ ಅನ್ನುವ ನಂಬಿಕೆ. ತನ್ನ ಸಾವಿನ ಖರ್ಚು ಮಕ್ಕಳ ತಲೆಗೆ ಬರಲಿಲ್ಲ ಅನ್ನುವ ನೆಮ್ಮದಿ. ಜಮೀನು ಉಳಿಸಬೇಕು, ಎಲ್ಲರೂ ದಹನಕ್ಕೆ ಬನ್ನಿ ಅಂತ ಅಧಿಕಾರಿಗಳು ಮನೆಮನೆಗೆ ನುಗ್ಗಿ ಆ ಪೆಟ್ಟಿಗೆಗಳನ್ನು ಎಳೆದು ತಂದು ಯಂತ್ರದಲ್ಲಿ ಪುಡಿ ಮಾಡಿಸಿದರು. ಬಿಡುವುದಿಲ್ಲ ಅಂತ ಕೆಲವರು ಪೆಟ್ಟಿಗೆಯೊಳಗೇ ಮಲಗಿಬಿಟ್ಟರು. ಸರ್ಕಾರಿ ಪತ್ರಿಕೆಗಳೇ ಇದನ್ನು ಖಂಡಿಸಿದವು. ಜಮೀನಿನ ಲೆಕ್ಕ ಸರಿಯೇ ಇರಬಹುದು. ಆದರೆ ಆ ಮುದುಕರನ್ನು ಕೂರಿಸಿ ಒಂದು ಮಾತು ಕೇಳಿದವರು ಯಾರು?

ನಿಮ್ಮ ಊರಿನ ಕಥೆಯೂ ಪೂರ್ತಿ ಚೆನ್ನಾಗಿಲ್ಲ. ಆ ಮೊಮ್ಮಗ ಮೊಬೈಲ್ ನೋಡುತ್ತಾ ಯಾಕೆ ಸುಮ್ನೆ ನಿಂತಿರುತ್ತಾನೆ ಗೊತ್ತಾ? ಅವನಿಗೆ ಅಜ್ಜಿಯ ಭಾಷೆಯೇ ಬರದಿರಬಹುದು. 1979ರಲ್ಲಿ ಆಗಿನ ಪ್ರಧಾನಿ ಲೀ ಕುವಾನ್ ಯೂ ಸರ್ಕಾರ 'ಮ್ಯಾಂಡರಿನ್ ಮಾತಾಡಿ' ಅಂತ ಆಂದೋಲನ ಶುರು ಮಾಡಿತು. ಹೊಕ್ಕಿಯನ್, ಟಿಯೊಚು, ಕ್ಯಾಂಟೊನೀಸ್‌ನಂಥ ಬೇರೆ ಚೀನೀ ಮನೆಮಾತುಗಳೆಲ್ಲ ರೇಡಿಯೊ, ಟಿವಿಯಿಂದ ಹೊರಬಿದ್ದವು. 2020ರ ಜನಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಇವುಗಳನ್ನು ಆಡುವವರು 8.7 ಶೇಕಡಾ. ಹಿರಿಯರಿಗೆ ಸರ್ಕಾರದ ಯೋಜನೆ ತಲುಪಿಸಬೇಕು ಅಂದಾಗ 2016ರಲ್ಲಿ ಸರ್ಕಾರದ ನೆರವಿನಿಂದಲೇ ಹೊಕ್ಕಿಯನ್ ಧಾರಾವಾಹಿ ತೆಗೆಯಬೇಕಾಯಿತು. ಆಂದೋಲನ ಶುರುವಾಗಿ ಮೂವತ್ತೇಳು ವರ್ಷ ಆಗಿತ್ತು! ಅದೇ ಏಳನೇ ತಿಂಗಳಲ್ಲಿ ಬೀದಿಯಲ್ಲಿ ಗೆಟಾಯ್ ಅಂತ ಹಾಡಿನ ವೇದಿಕೆ ಹಾಕುತ್ತಾರಲ್ಲ, ಒಮ್ಮೆ ಹೋಗಿ ನೋಡಿ. ಮೊದಲ ಸಾಲಿನ ಕುರ್ಚಿಗಳು ಸತ್ತವರಿಗೆ ಅಂತ ಖಾಲಿ. ಹಿಂದಿನ ಸಾಲುಗಳಲ್ಲಿ ಹೆಚ್ಚಿನವರು ವಯಸ್ಸಾದವರು. ಹಾಡು, ತಮಾಷೆ ಬಹಳಷ್ಟು ಹೊಕ್ಕಿಯನ್‌ನಲ್ಲಿ. ಊರು ತಮ್ಮ ಜೊತೆ ತಮ್ಮ ಮಾತಿನಲ್ಲಿ ಮಾತಾಡುವುದು ಅವರಿಗೆ ಆ ರಾತ್ರಿಗಳಲ್ಲೇ ಜಾಸ್ತಿ.

ಇಂಥದ್ದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ವಯಸ್ಸಾದವರ ಬಗ್ಗೆ ಎಲ್ಲೆಲ್ಲೂ ವಿಚಾರ ಸಂಕಿರಣ. ಅವರಿಗೆ ರ‍್ಯಾಂಪು, ಹಿಡಿಕೆ, ಯೋಗ ತರಗತಿ, ಆರೋಗ್ಯ ವಿಮೆ. ಅವರ ಮಾತು ನಡೆಯುವ ಜಾಗಗಳನ್ನು ಮಾತ್ರ ಒಂದೊಂದಾಗಿ ಮುಚ್ಚುತ್ತೇವೆ. ಮದುವೆ ಇವೆಂಟ್‌ನವರಿಗೆ, ಅಡುಗೆ ಕೇಟರಿಂಗ್‌ನವರಿಗೆ, ತಿಥಿ ಆನ್‌ಲೈನಿಗೆ. ಆಮೇಲೆ ಅವರಿಗೆ ಖಿನ್ನತೆ ಅಂತ ಮಾತ್ರೆ ಬರೆಸುತ್ತೇವೆ.

ಸಾಮಾನ್ಯವಾಗಿ ಏಳನೇ ತಿಂಗಳು ಮುಗಿದು ಹೆಚ್ಚು ದಿನವಾಗುವ ಮೊದಲೇ ನಮ್ಮ ಪಿತೃಪಕ್ಷ ಬರುತ್ತದೆ. ಊರಲ್ಲಿ ನಿಮ್ಮ ಮನೆಯವರು ಎಡೆ ಇಡುವಾಗ ಯಾವ ಅಡುಗೆ ಎಲ್ಲಿ ಬಡಿಸಬೇಕು ಅಂತ ಯಾರನ್ನು ಕೇಳುತ್ತಾರೆ? ಪತ್ರದಲ್ಲಿ ನೀವೇ ಬರೆದಿದ್ದೀರಿ, ಎಡೆಗೆ ಕಾಗೆಯನ್ನು ಕರೆಯುವುದು ಇವತ್ತಿಗೂ ಅಮ್ಮನೇ ಅಂತ. ನಿಮ್ಮಂಥ ಮಗ ಈ ಪ್ರಶ್ನೆ ಕೇಳಿದ್ದಕ್ಕೇ ನನಗೆ ಇಷ್ಟು ಬರೆಯಬೇಕು ಅನ್ನಿಸಿತು.

ಆ ಅರ್ಜಿಗೆ ಸಹಿ ಹಾಕಬೇಡಿ. ಟೌನ್ ಕೌನ್ಸಿಲ್ ಸುಡುವುದಕ್ಕೆ ಡಬ್ಬಿ ಇಡುತ್ತದಲ್ಲ, ಅದನ್ನು ಮುಚ್ಚಳವಿರುವ ದೊಡ್ಡದು ಮಾಡಿ, ಕಿಟಕಿಗಳಿಂದ ದೂರ ಇಡಿ, ಇಂತಿಷ್ಟು ಹೊತ್ತಿನೊಳಗೆ ಮುಗಿಸಿ ಅಂತ ಬೇರೆ ಅರ್ಜಿ ನೀವೇ ಬರೆಯಿರಿ. ಮೊದಲ ಸಹಿಯನ್ನು ಆ ಅಜ್ಜಿಯ ಹತ್ತಿರವೇ ಹಾಕಿಸಿಕೊಳ್ಳಿ. ಆ ಹುಡುಗನೂ ಜೊತೆಗೆ ಬರಲಿ. ಅರ್ಜಿಯಲ್ಲಿ ಏನಿದೆ ಅಂತ ಅಜ್ಜಿಗೆ ಅವನೇ ಹೇಳಲಿ, ಬಂದಷ್ಟು ಹೊಕ್ಕಿಯನ್‌ನಲ್ಲಿ.